ಓಡುವವರು ಇದ್ದಾರೆ, ಓಡಿಸುವವರು ನಿಲ್ಲುತ್ತಿಲ್ಲ

ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಬೇಕು ಅಂದರೆ ಎಂ.ಪಿ.ಇಡಿ. ಆಗಿರಬೇಕು, ನೆಟ್ ಇಲ್ಲವೇ ಕೆ-ಸೆಟ್ ಪಾಸಾಗಿರಬೇಕು, ಅದರ ಮೇಲೆ ಓಡಿಯೂ ತೋರಿಸಬೇಕು. ಯುಜಿಸಿಯ 2018ರ ನಿಯಮಾವಳಿಯಲ್ಲಿ ಲೆಕ್ಕ ಬರೆದಿಟ್ಟಿದ್ದಾರೆ: ಮೂವತ್ತರೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, ನಲವತ್ತರೊಳಗಿನವರು 1500 ಮೀಟರ್, ಮೂವತ್ತರೊಳಗಿನ ಹೆಂಗಸರು 8 ನಿಮಿಷದಲ್ಲಿ 1000 ಮೀಟರ್. ಅವರ ಕೈಕೆಳಗೆ ತಯಾರಾಗಿ ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದಿರುವ ಹುಡುಗನಾದರೋ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಗುರುವಿಗಿಂತ ಶಿಷ್ಯನ ಪರೀಕ್ಷೆ ಬಿಗಿ. ಅದು ಹಾಗೇ ಇರಬೇಕಾದದ್ದು, ಓಡಿಸುವವರ ಕೆಲಸ ಬೇರೆ. ಆದರೆ ಆ ಕೆಲಸಕ್ಕೆ ಬಂದವರನ್ನು ಎಷ್ಟು ದೂರ ಓಡುತ್ತೀರಿ ಎಂದು ಕೇಳುವ ನಾವು, ಎಷ್ಟು ವರ್ಷ ನಮ್ಮಲ್ಲಿರುತ್ತೀರಿ ಎಂದು ಕೇಳುವುದಿಲ್ಲ. ಕೇಳಿದರೂ ಅವರು ಧೈರ್ಯವಾಗಿ ಉತ್ತರ ಹೇಳುವಂಥ ನೇಮಕವನ್ನು ನಾವು ಕೊಡುತ್ತಿಲ್ಲ. ನನ್ನ ಸಂಕಟವೆಲ್ಲ ಇದರ ಸುತ್ತಲೇ ಇದೆ.

ನಮ್ಮ ಕಡೆ ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಇಲ್ಲಿನ ಜನರ ಕಾಲು ಗಟ್ಟಿ. ಕೊಟ್ಟೂರೇಶ್ವರನ ತೇರು ಬಂತೆಂದರೆ ದಾವಣಗೆರೆಯಿಂದ ಹೊರಟ ಪಾದಯಾತ್ರೆಯವರು ಬೆಳಗಿನ ಜಾವದ ಚಳಿ, ಮಧ್ಯಾಹ್ನದ ಬಿಸಿಲು ಎರಡನ್ನೂ ದಾಟಿ ಊರು ಸೇರುತ್ತಾರೆ. ಅವರಲ್ಲಿ ಅಜ್ಜಂದಿರಿರುತ್ತಾರೆ, ಕಂಕುಳಲ್ಲಿ ಕೂಸಿಟ್ಟುಕೊಂಡ ತಾಯಂದಿರಿರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಯವರು ನೀರು, ಮಜ್ಜಿಗೆ, ಅನ್ನ ಇಟ್ಟುಕೊಂಡು ಕಾಯುತ್ತಾರೆ. ಮೈಲಾರದ ಕಾರಣಿಕ ಕೇಳಲು ಹೋಗುವವರೂ ಹೀಗೇ. ಇನ್ನು ಕುರಿ ಕಾಯುವವರು. ಮೇವು ಹುಡುಕಿಕೊಂಡು ಹಿಂಡಿನ ಹಿಂದೆ ತಿಂಗಳುಗಟ್ಟಲೆ ನಡೆಯುವ ಮನೆತನಗಳು ಈ ಸೀಮೆಯ ತುಂಬ ಇವೆ. ಅಂಥ ಮನೆಯ ಹುಡುಗನೊಬ್ಬ ತಾಲ್ಲೂಕು ಕೂಟಕ್ಕೆ ಬಂದು, ಬೂಟಿಲ್ಲದೆ 3000 ಮೀಟರ್ ಓಡಿ, ಎರಡನೆಯವನಿಗಿಂತ ಅರ್ಧ ರೌಂಡು ಮುಂದೆ ಬಂದು ನಿಂತಾಗ ನೋಡಿದವರಿಗೆಲ್ಲ ಆಶ್ಚರ್ಯ. ಆಮೇಲೆ ಅವನು ಏನಾದ ಎಂದು ಹುಡುಕಿಕೊಂಡು ಹೋದವರು ಕಡಿಮೆ.

ಬೆಳಿಗ್ಗೆ ಐದೂವರೆಗೆ ಈ ಐದರಲ್ಲಿ ಯಾವ ಊರಿಗೆ ಹೋದರೂ ಓಡುವವರು ಕಾಣುತ್ತಾರೆ. ಕಾಲೇಜು ಮೈದಾನದಲ್ಲಿ, ತಾಲ್ಲೂಕು ಕ್ರೀಡಾಂಗಣದಲ್ಲಿ, ಕೂಡ್ಲಿಗಿಯಲ್ಲಾದರೆ ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ. ಬಹುಪಾಲು ಎಲ್ಲರೂ ಓಡುವುದು ಕೆಲಸಕ್ಕಾಗಿ: ಪೊಲೀಸ್, ಅಗ್ನಿವೀರ, ಅರಣ್ಯ ಇಲಾಖೆಯ ಗಾರ್ಡ್. ಮಳೆ ನಂಬಿದ ಹೊಲ, ಸುಗ್ಗಿ ಮುಗಿದರೆ ಬೆಂಗಳೂರಿಗೋ ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಗುಳೆ ಹೋಗುವ ಮನೆ. ಅಲ್ಲಿ ಖಾಕಿ ಅಂಗಿಯೊಂದು ಬಂದರೆ ಎರಡು ತಲೆಮಾರಿನ ಬದುಕು ನಿಲ್ಲುತ್ತದೆ. ಪದಕದ ಆಸೆಗೆ ಓಡುವವರು ಕಮ್ಮಿ ಎಂದು ಇದನ್ನು ಹಗುರವಾಗಿ ನೋಡುವವರ ಜೊತೆ ನಾನು ಒಪ್ಪುವುದಿಲ್ಲ. ಹೊಟ್ಟೆಪಾಡಿಗೆ ಶುರುವಾದ ಓಟದಲ್ಲೇ ಒಳ್ಳೆಯ ಓಟಗಾರನೂ ಸಿಗುತ್ತಾನೆ. ಆರೂವರೆ ನಿಮಿಷ ಸಾಕು ಎಂದು ಬಂದವನು ಐದು ನಿಮಿಷದ ಹತ್ತಿರಕ್ಕೆ ಬಂದುಬಿಟ್ಟರೆ, ಇವನನ್ನು 1600ಕ್ಕೆ ನಿಲ್ಲಿಸಬಾರದು, 5000ಕ್ಕೆ, 10000ಕ್ಕೆ ತಯಾರು ಮಾಡಬೇಕು ಎಂದು ಗುರುತಿಸುವ ಕಣ್ಣೊಂದು ಅಲ್ಲಿರಬೇಕು.

ಆ ಕಣ್ಣಿಗೆ ನಮ್ಮಲ್ಲಿ ಪಿ.ಇ. ಸರ್ ಎನ್ನುತ್ತಾರೆ. ಹಳಬರು ಈಗಲೂ ಡ್ರಿಲ್ ಮಾಸ್ತರ್ ಎನ್ನುವುದುಂಟು. ದೂರದ ಓಟಕ್ಕೆ ಪ್ರತ್ಯೇಕ ಕೋಚ್ ಎಂಬ ಹುದ್ದೆ ನಮ್ಮ ಕಾಲೇಜುಗಳಲ್ಲಿಲ್ಲ. ಒಬ್ಬರೇ ಖೋಖೋ, ಕಬಡ್ಡಿ, ವಾಲಿಬಾಲ್, ಎಸೆತ, ಜಿಗಿತ, ಓಟ ಎಲ್ಲಕ್ಕೂ. ಅದರ ಜೊತೆ ಆಗಸ್ಟ್ 15ರ ಪಥಸಂಚಲನ, ಪರೀಕ್ಷೆಯ ದಿನದ ಶಿಸ್ತು, ಹಾಸ್ಟೆಲ್ ಹುಡುಗರ ಜಗಳ ಬಿಡಿಸುವುದು, ವಿದ್ಯಾರ್ಥಿವೇತನದ ಅರ್ಜಿ. ಎಷ್ಟೋ ಪಿಯು ಕಾಲೇಜುಗಳಲ್ಲಿ ಪಿ.ಇ. ಸರ್ ಇಲ್ಲದೆ ಇತಿಹಾಸದ ಉಪನ್ಯಾಸಕರೋ ಕನ್ನಡ ಮೇಡಂ ಅವರೋ ಮಕ್ಕಳನ್ನು ಬಸ್ಸಿನಲ್ಲಿ ಕೂಟಕ್ಕೆ ಕರೆದುಕೊಂಡು ಹೋಗುತ್ತಾರೆ. ಅವರ ಒಳ್ಳೆಯತನಕ್ಕೆ ಕೈ ಮುಗಿಯಬೇಕು. ಆದರೆ 800 ಮೀಟರಿನ ಮೊದಲ ರೌಂಡನ್ನು ಹೇಗೆ ಓಡಬೇಕು ಎಂದು ಹುಡುಗಿ ಕೇಳಿದರೆ ಅವರೇನು ಹೇಳಿಯಾರು?

ಅಮೆರಿಕದ ಕಾಲೇಜುಗಳಲ್ಲಿ ದೂರದ ಓಟಕ್ಕೆಂದೇ ಕೋಚ್ ಇರುತ್ತಾರೆ. ಜೂನ್ ತಿಂಗಳಲ್ಲಿ ಅಲ್ಲಿನ ರಾಷ್ಟ್ರೀಯ ಕಾಲೇಜು ಕೂಟ ಮುಗಿದ ಕೂಡಲೇ ಯಾರು ಎಲ್ಲಿಗೆ ಹೋದರು, ಯಾವ ಜಾಗ ಖಾಲಿಯಾಯಿತು ಎಂಬ ಮಾತು ಶುರುವಾಗುತ್ತದೆ. ಗೆಲ್ಲಿಸಿದವರನ್ನು ದೊಡ್ಡ ವಿಶ್ವವಿದ್ಯಾಲಯ ಕರೆಯುತ್ತದೆ, ಸೋತವರ ಕರಾರು ಮುಂದುವರಿಯುವುದಿಲ್ಲ. ನಮ್ಮಲ್ಲೂ ಜಾಗ ಖಾಲಿಯಾಗುವುದು ಹೆಚ್ಚುಕಡಿಮೆ ಆ ಹೊತ್ತಿಗೇ. ಕಾರಣ ಮಾತ್ರ ಗೆಲುವೂ ಅಲ್ಲ, ಸೋಲೂ ಅಲ್ಲ. ಶೈಕ್ಷಣಿಕ ವರ್ಷ ಮುಗಿಯಿತು, ತಾತ್ಕಾಲಿಕ ನೇಮಕದ ಅವಧಿಯೂ ಮುಗಿಯಿತು, ಅಷ್ಟೇ.

ಕೆಲಸ ಬಿಟ್ಟು ಹೊರಟ ಇಂಥವರೊಬ್ಬರು ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿ-ಮಿರ್ಚಿ ಮುಂದಿಟ್ಟುಕೊಂಡು ನನಗೆ ಹೇಳಿದ್ದರು: "ಹುಡುಗ್ರನ್ನ ಬಿಟ್ಟು ಹೋಗಾಕೆ ಮನಸ್ಸಿಲ್ಲ ಸರ್. ಆದ್ರೆ ಮನೆ ನಡೀಬೇಕಲ್ರಿ. ಏಪ್ರಿಲ್, ಮೇ ಎರಡು ತಿಂಗಳು ಕೈಯಾಗ ಒಂದು ರೂಪಾಯಿ ಇರಲ್ಲ." ಅವರು ಹೋದದ್ದು ದೊಡ್ಡ ಊರಿನ ಇಂಗ್ಲಿಷ್ ಮೀಡಿಯಂ ಶಾಲೆಯೊಂದಕ್ಕೆ. ಅಲ್ಲಿ ಪುಟ್ಟ ಮಕ್ಕಳಿಗೆ ಯೋಗ, ಸ್ಕೇಟಿಂಗ್ ಕಲಿಸಬೇಕು, ಹನ್ನೆರಡು ತಿಂಗಳೂ ಸಂಬಳ. ಅವರನ್ನು ತಡೆಯುವ ಮಾತು ನನ್ನ ಬಾಯಿಗೆ ಬರಲಿಲ್ಲ.

ಅವರು ಹೇಳಿದ ಆ ಏಪ್ರಿಲ್, ಮೇ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ನೂರು ಮೀಟರ್ ಓಟಗಾರನಿಗೆ ಕೂಟದ ಹಿಂದಿನ ಕೆಲವು ವಾರದ ತಯಾರಿಯಲ್ಲೂ ಸ್ವಲ್ಪ ಪ್ರಯೋಜನ ಆದೀತು. ದೂರದ ಓಟಕ್ಕೆ ಅದು ಸಾಲದು. ಅದರ ಬುನಾದಿ ಬೀಳುವುದು ಕೂಟಗಳಿಲ್ಲದ ತಿಂಗಳುಗಳಲ್ಲಿ, ಆತುರವಿಲ್ಲದ ಉದ್ದನೆಯ ಓಟಗಳಲ್ಲಿ. ಹೃದಯ, ಶ್ವಾಸಕೋಶ ಬೇಗ ಪಳಗುತ್ತವೆ. ಎಲುಬು, ಸ್ನಾಯುರಜ್ಜು ನಿಧಾನ. ನಮ್ಮ ವಿಶ್ವವಿದ್ಯಾಲಯಗಳ ಗುಡ್ಡಗಾಡು ಓಟ, ಅಂತರ ಕಾಲೇಜು ಕೂಟ ಬರುವುದು ಮಳೆಗಾಲ ಕಳೆಯುವ ಹೊತ್ತಿಗೆ. ಹಾಗಾದರೆ ಬುನಾದಿ ಹಾಕಬೇಕಾದದ್ದು ಬೇಸಿಗೆಯಲ್ಲಿ, ನಮ್ಮ ಬಯಲುಸೀಮೆಯ ನಲವತ್ತು ಡಿಗ್ರಿ ಬಿಸಿಲಿನ ದಿನಗಳಲ್ಲಿ, ಸೂರ್ಯ ಹುಟ್ಟುವುದರೊಳಗೆ, ಎಷ್ಟು ನೀರು ಕುಡಿಯಬೇಕು, ಯಾವ ದಿನ ಸುಮ್ಮನೆ ಮಲಗಬೇಕು ಎಂದು ಹೇಳುವವರ ಕಣ್ಣೆದುರು. ಸರಿಯಾಗಿ ಆ ತಿಂಗಳುಗಳಲ್ಲೇ ಮೈದಾನದಲ್ಲಿ ಯಾರೂ ಇರುವುದಿಲ್ಲ. ಹೊಸಬರು ಬಂದು ವರದಿ ಮಾಡಿಕೊಳ್ಳುವಷ್ಟರಲ್ಲಿ ಆಗಸ್ಟೋ ಸೆಪ್ಟೆಂಬರೋ ಆಗಿ, ಕೂಟದ ಸುತ್ತೋಲೆ ನೋಟಿಸ್ ಬೋರ್ಡಿಗೆ ಬಂದಿರುತ್ತದೆ. ಆಗ ಅವರು ಮಾಡುವುದೇನು? ಇದ್ದ ಕೆಲವೇ ವಾರದಲ್ಲಿ ರೌಂಡು ಹೆಚ್ಚಿಸುತ್ತಾರೆ. ಕಾಲೇಜು ಮೈದಾನದ ಸುತ್ತು 200 ಮೀಟರಿನದಾದರೆ 5000 ಮೀಟರಿಗೆ ಇಪ್ಪತ್ತೈದು ರೌಂಡು, ಐವತ್ತು ತಿರುವು, ಎಲ್ಲವೂ ಎಡಕ್ಕೇ. ಗಟ್ಟಿ ನೆಲದ ಮೇಲೆ ಹೀಗೆ ತಿರುಗಿ ತಿರುಗಿ ಕಣಕಾಲಿನ ಮುಂದಿನ ಎಲುಬು ನೋಯತೊಡಗುತ್ತದೆ. ಕೂಟದ ದಿನ ಹುಡುಗ ಕುಂಟುತ್ತಾನೆ. ಆ ಹುಡುಗನದೂ ತಪ್ಪಿಲ್ಲ, ಆ ಸರ್‌ದೂ ತಪ್ಪಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಸರ್ ಹೀಗೆ ಬದಲಾಗುತ್ತಲೇ ಇರುವುದರ ಪೆಟ್ಟು ಇನ್ನೂ ದೊಡ್ಡದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಕಬ್ಬಿಣದಂಶ ಕಮ್ಮಿಯಾದರೆ ಮೊದಲು ಸೋಲುವುದು ದೂರದ ಓಟ. ಹುಡುಗಿ ಹೋದ ವರ್ಷ 1500 ಮೀಟರನ್ನು ಎಷ್ಟರಲ್ಲಿ ಓಡುತ್ತಿದ್ದಳು ಎಂದು ಗೊತ್ತಿರುವ ಸರ್, ಈ ವರ್ಷ ಟೈಮಿಂಗ್ ಕುಸಿದಾಗ ಅವಳ ಕಣ್ಣರೆಪ್ಪೆ ಎಳೆದು ನೋಡಿ, "ನಾಳೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಎಚ್‌ಬಿ ಚೆಕ್ ಮಾಡಿಸಮ್ಮ" ಎನ್ನುತ್ತಾರೆ. ನಿನ್ನೆ ಬಂದವರಿಗೆ ಅದು ಹೇಗೆ ತಿಳಿಯಬೇಕು? ಅವರ ಕಣ್ಣಿಗೆ ಅವಳು ಸೋಮಾರಿ. ಇನ್ನು ಮನೆಯವರ ನಂಬಿಕೆ. ನಸುಕಿನಲ್ಲಿ ಮಗಳನ್ನು ಮೈದಾನಕ್ಕೆ ಕಳಿಸಬೇಕಾದರೆ ಅಲ್ಲಿರುವವರು ಯಾರು, ಎಂಥವರು ಎಂದು ಅಪ್ಪ-ಅಮ್ಮನಿಗೆ ಗೊತ್ತಿರಬೇಕು. ಆ ನಂಬಿಕೆ ಗಳಿಸಲು ಒಂದು ವರ್ಷ ಬೇಕು. ಅಷ್ಟರಲ್ಲಿ ಸರ್ ಬದಲಾಗಿರುತ್ತಾರೆ, ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ.

ನಿಂತವರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನ ಉಂಟು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಎನ್. ಲಿಂಗಪ್ಪ ಅವರು ದಶಕಗಳ ಕಾಲ ಓಡಿಸಿದರು. 2014ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದಾಗ ಅವರು ಎಂಬತ್ತು ದಾಟಿದ ಹಿರಿಯರು. ನಾಲ್ಕು ವರ್ಷದ ನಂತರ ಅದೇ ಗೌರವ ವಿ.ಆರ್. ಬೀಡು ಅವರಿಗೂ ಬಂತು. ಇಂಥವರ ಹತ್ತಿರ ಒಂದು ತಲೆಮಾರಿನವರು ಓಡಿ, ಕೋಚ್ ಆಗಿ, ಮುಂದಿನವರನ್ನು ಕರೆದುಕೊಂಡು ಬರುತ್ತಾರೆ.

ಕೀನ್ಯಾದ ಇಟೆನ್ ಎಂಬ ಊರಿನ ಕಥೆ ನನಗೆ ಬಹಳ ಇಷ್ಟ. ನಮ್ಮ ಕೊಟ್ಟೂರಿನಂತೆ ಅದೂ ಸಣ್ಣ ಊರು. ಅಲ್ಲಿನ ಸೇಂಟ್ ಪ್ಯಾಟ್ರಿಕ್ಸ್ ಹೈಸ್ಕೂಲಿಗೆ 1976ರಲ್ಲಿ ಐರ್ಲೆಂಡಿನಿಂದ ಬ್ರದರ್ ಕಾಲ್ಮ್ ಓ'ಕಾನೆಲ್ ಎಂಬ ಪಾದ್ರಿಮನೆಯ ಮೇಷ್ಟರು ಭೂಗೋಳ ಪಾಠ ಮಾಡಲು ಬಂದರು. ಓಟದ ತರಬೇತಿ ಅವರಿಗೆ ಗೊತ್ತೇ ಇರಲಿಲ್ಲ. ಆಗ ಅಲ್ಲಿ ಮಕ್ಕಳನ್ನು ಓಡಿಸುತ್ತಿದ್ದವರು ಪೀಟರ್ ಫಾಸ್ಟರ್, ಇಂಗ್ಲೆಂಡಿನ ಹೆಸರಾಂತ ಓಟಗಾರ ಬ್ರೆಂಡನ್ ಫಾಸ್ಟರ್ ಅವರ ಸಹೋದರ. ಪೀಟರ್ ಊರು ಬಿಟ್ಟು ಹೋದಾಗ ಓ'ಕಾನೆಲ್ ಕೈಗೆ ಆ ಕೆಲಸ ಬಂತು. ಕೆಲವೇ ತಿಂಗಳ ಮಟ್ಟಿಗೆ ಎಂದುಕೊಂಡು ಬಂದವರು ಅಲ್ಲೇ ದಶಕಗಟ್ಟಲೆ ಉಳಿದರು; ಮಕ್ಕಳು ಓಡುವುದನ್ನು ನೋಡಿ ನೋಡಿಯೇ ಕಲಿತರು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಅವರ ಶಿಷ್ಯ ಡೇವಿಡ್ ರುಡಿಷಾ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದ. ಫಾಸ್ಟರ್ ಹೋದ ಮೇಲೂ ಕೆಲಸ ಕೈ ತಪ್ಪದೆ ಮುಂದುವರಿಯಿತಲ್ಲ, ಅದು ನನಗೆ ಮುಖ್ಯ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲೂ ಹಾಗೇ: ಬಿಲ್ ಬೋವರ್‌ಮನ್ 1948ರಿಂದ ಇಪ್ಪತ್ತನಾಲ್ಕು ವರ್ಷ ಇದ್ದು, ಜಾಗ ಬಿಟ್ಟಾಗ ಅವರ ಶಿಷ್ಯ ಬಿಲ್ ಡೆಲಿಂಜರ್ ಬಂದು ಕೂತರು. ಡೆಲಿಂಜರ್ 1964ರ ಟೋಕಿಯೊದಲ್ಲಿ 5000 ಮೀಟರಿನ ಕಂಚು ಗೆದ್ದಿದ್ದವರು.

ನಮ್ಮಲ್ಲಿ ಸರ್ ಹೋಗುವುದಕ್ಕೆ ಇನ್ನೊಂದು ಕಾರಣವನ್ನೂ ಹೇಳಬೇಕು. ಕೈಗೆ ಬಂದ ಒಳ್ಳೆಯ ಓಟಗಾರ ಎಸ್ಸೆಸ್ಸೆಲ್ಸಿಯೋ ಪಿಯುವೋ ಮುಗಿಸಿದ ಮೇಲೆ ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗೆ ಹೋಗುತ್ತಾನೆ. ಅಲ್ಲಿ ಕ್ರೀಡಾ ದತ್ತು ಯೋಜನೆಯಲ್ಲಿ ಓದು, ಊಟ, ವಸತಿ ಎಲ್ಲ ಉಚಿತ, ಒಳ್ಳೆಯ ಕೋಚುಗಳಿದ್ದಾರೆ. ಮಂಗಳೂರು ವಿಶ್ವವಿದ್ಯಾಲಯ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಮತ್ತೆ ಮತ್ತೆ ಗೆದ್ದದ್ದರ ಹಿಂದೆ ಆ ಕಾಲೇಜಿನ ದುಡಿಮೆ ದೊಡ್ಡದು. ಹುಡುಗ ಹೋಗುವುದು ಅವನ ಹಿತಕ್ಕೆ, ಕಳಿಸುವ ಸರ್‌ಗೂ ಅದು ಸಂತೋಷವೇ. ಆದರೆ ಒಳ್ಳೆಯ ಓಟಗಾರರು ಉಳಿಯದ ಮೈದಾನದಲ್ಲಿ ಆ ಸರ್ ಅವರನ್ನು ಹಿಡಿದಿಡುವುದಾದರೂ ಏನು?

ಹರಪನಹಳ್ಳಿಯ ಮಕ್ಕಳಿಗಂತೂ ಕೂಟದ ಊರೇ ನಿಂತಿಲ್ಲ. 1997ರಲ್ಲಿ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಎರಡು ದಶಕದ ಮೇಲೆ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಆಡಳಿತದ ದೃಷ್ಟಿಯಿಂದ ಇದರಲ್ಲಿ ಲಾಭವಿದೆ, ಕಲಂ 371(ಜೆ)ಯ ಮೀಸಲಾತಿ ಸಿಕ್ಕಿತು. ಆದರೆ ಯಾವ ಊರಿನ ಟ್ರ್ಯಾಕ್ ಹೇಗಿದೆ, ಎದುರಾಳಿ ಶಾಲೆಗಳಲ್ಲಿ ಯಾರು ಗಟ್ಟಿ ಎಂಬ ತಿಳಿವಳಿಕೆ ಪ್ರತಿ ಸಲ ಹೊಸದಾಗಿ ಕಲಿಯಬೇಕಾಯಿತು. ಕಲಿತವರೂ ವರ್ಗವಾಗಿಯೋ ನಿವೃತ್ತರಾಗಿಯೋ ಹೋದರು.

ನನ್ನದೊಂದು ಆಸೆ. ಐದು ಊರಿಗೆ ಸೇರಿ ದೂರದ ಓಟಕ್ಕೆಂದೇ ಒಬ್ಬ ಕೋಚ್ ಇರಲಿ. ಕೊಟ್ಟೂರು ನಡುವಿನಲ್ಲಿದೆ; ಹಗರಿಬೊಮ್ಮನಹಳ್ಳಿಗೂ ಹರಪನಹಳ್ಳಿಗೂ ಅಲ್ಲಿಂದ ರೈಲಿದೆ, ಕೂಡ್ಲಿಗಿ, ಹಡಗಲಿಗೆ ಬಸ್ಸಿದೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಆದವರು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಇದೇ ಸೀಮೆಯಲ್ಲಿ ಓಡಿ ಬೆಳೆದ ಮಾಜಿ ಓಟಗಾರರಾದರೂ ಆದೀತು. ಖೇಲೋ ಇಂಡಿಯಾದ ಸಣ್ಣ ಕೇಂದ್ರಗಳಲ್ಲಿ ಮಾಜಿ ಕ್ರೀಡಾಪಟುಗಳನ್ನೇ ಕೋಚ್ ಮಾಡುವ ಪದ್ಧತಿ ಈಗಾಗಲೇ ಇದೆ. ಕಾಲೇಜುಗಳ ಆಡಳಿತ ಮಂಡಳಿಗಳು ತಲಾ ಒಂದು ಪಾಲು ಹಾಕಿದರೆ ಸಂಬಳ ಯಾರಿಗೂ ಭಾರವಾಗದು. ಪ್ರತಿ ಮಗುವಿನ ಹೆಸರಿನಲ್ಲಿ ಒಂದು ನೋಟ್‌ಬುಕ್ ಕಾಲೇಜಿನಲ್ಲೇ ಇರಲಿ: ಯಾವ ದಿನ ಎಷ್ಟು ಓಡಿದ, ಟೈಮಿಂಗ್ ಎಷ್ಟು, ಎಲ್ಲಿ ನೋವು, ಎಚ್‌ಬಿ ಎಷ್ಟು. ಈಗ ಅದೆಲ್ಲ ಸರ್‌ಗಳ ತಲೆಯಲ್ಲೋ ಮೊಬೈಲಿನಲ್ಲೋ ಇರುತ್ತದೆ, ಅವರ ಜೊತೆಗೇ ಬಸ್ ಹತ್ತುತ್ತದೆ. ನೋಟ್‌ಬುಕ್ ಬರೆಯುವ ಕೆಲಸವನ್ನು ಅಂತಿಮ ವರ್ಷದ ಓಟಗಾರನಿಗೋ ಓಟಗಾರ್ತಿಗೋ ಕಲಿಸಬೇಕು. ನಾಳೆಯ ಕೋಚ್ ತಯಾರಾಗುವುದು ಅಲ್ಲಿಂದಲೇ.

ಇಷ್ಟೆಲ್ಲ ಆಗುವುದಕ್ಕೆ ಸಮಯ ಹಿಡಿದೀತು. ಅಲ್ಲಿಯವರೆಗೆ, ಈ ಸಲದ ನೇಮಕಕ್ಕೆ ಕೂರುವ ಆಡಳಿತ ಮಂಡಳಿಯ ಹಿರಿಯರಲ್ಲಿ ಒಂದು ಕೇಳಿಕೆ. ಆದೇಶವನ್ನು ಒಂದು ವರ್ಷಕ್ಕೆ ಬರೆಯಬೇಡಿ, ಮೂರು ವರ್ಷಕ್ಕೆ ಬರೆಯಿರಿ. ಏಪ್ರಿಲ್, ಮೇ ತಿಂಗಳ ಸಂಬಳವನ್ನೂ ಅದರಲ್ಲೇ ಸೇರಿಸಿ.