ಮೂರು ಅಂಗುಲದ ಮಡಿಕೆ

ಮುಂಗಾರಿನ ಮೋಡ ಬಾನಿನಲ್ಲಿ ಕಾಣುವ ಮೊದಲೇ ನಮ್ಮ ತಂದೆಯವರ ಮುಖದಲ್ಲಿ ಕಾಣುತ್ತದೆ. ಶಾಲೆ ತೆರೆಯುವ ಕಾಲವಲ್ಲವೆ! ಸರ್ಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರವನ್ನು ಸರ್ಕಾರವೇ ಕೊಡುತ್ತದೆ; ನನ್ನ ತಮ್ಮಂದಿರಿಬ್ಬರದು ಖಾಸಗಿ ಶಾಲೆಯಾದ್ದರಿಂದ ಆ ಭಾರ ಮನೆಯ ಮೇಲೆಯೇ.

ಈ ಶಾಸ್ತ್ರದಲ್ಲಿ ನಮ್ಮ ಅಮ್ಮನೇ ಪಂಡಿತೆ. ಹತ್ತಿಯ ಬಟ್ಟೆಯಾದರೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸದೆ ದರ್ಜಿಗೆ ಕೊಡುವವಳಲ್ಲ. ಕುಗ್ಗುವುದೆಲ್ಲ ಕತ್ತರಿ ಬೀಳುವ ಮೊದಲೇ ಕುಗ್ಗಿಬಿಡಲಿ ಎಂದು. ಷರಾಯಿಯ ಕಾಲಿನಲ್ಲಿ 3 ಅಂಗುಲ ಒಳಮಡಿಕೆ ಇರಲೇಬೇಕು. ಹುಡುಗ ಬೆಳೆದಂತೆ ವರ್ಷಕ್ಕೊಂದು ಅಂಗುಲ ಬಿಚ್ಚಿದರಾಯಿತು. ಬಿಚ್ಚಿದೆಡೆ ಬಣ್ಣ ಮಾಸದೆ ಉಳಿದು, ದೊಡ್ಡ ತಮ್ಮನ ವಯಸ್ಸನ್ನು ಅವನ ಕಾಲಿನಲ್ಲಿಯೇ ಓದಬಹುದು! ಸವೆದ ಕೊರಳಪಟ್ಟಿಯನ್ನು ತಿರುಗಿಸಿ ಹೊಲಿಸುವುದಂತೂ ನಮ್ಮಲ್ಲಿ ವಾರ್ಷಿಕೋತ್ಸವ.

ಆದರೆ ಈ ಉಳಿತಾಯದ ಬೆಲೆಯನ್ನು ತೆರುತ್ತಿದ್ದವನು ಚಿಕ್ಕವನು. 3ನೆಯ ತರಗತಿಯವರೆಗೂ ಅವನು ತೊಟ್ಟದ್ದೆಲ್ಲ ದೊಡ್ಡವನದು, ಜೇಬಿನ ಶಾಯಿಯ ಕಲೆಯೂ ಸೇರಿ. "ಅಣ್ಣಾ, ದರ್ಜಿ ನನ್ನ ಅಳತೆ ಯಾವಾಗ ತಗೋತಾರೆ?" ಎಂದು ನನ್ನನ್ನು ಕೇಳಿದ್ದ.

ಈ ವರ್ಷ ಹಣ ನನ್ನ ಕೈಗೆ ಬಂದಿತು. ದೊಡ್ಡವನ ಷರಾಯಿಯಲ್ಲಿ ಇನ್ನೂ ಒಂದಂಗುಲ ಉಳಿದಿತ್ತು, ಅದನ್ನು ಬಿಚ್ಚಿಸಿದೆ. ಅವನು ಗೊಣಗಿದ, ಆಮೇಲೆ ಒಪ್ಪಿದ. ಮಿಕ್ಕ ಹಣದಲ್ಲಿ ಚಿಕ್ಕವನಿಗೊಂದು ಜೊತೆ. ಅಳತೆಪಟ್ಟಿ ಎದೆಗೆ ಬಂದಾಗ ಅವನು ಉಸಿರು ಬಿಗಿಹಿಡಿದು ಸೈನಿಕನಂತೆ ನಿಂತುಬಿಟ್ಟ.

"ಉಸಿರು ಬಿಡಪ್ಪಾ, ಅಂಗಿ ದೊಡ್ಡದಾಗಿಬಿಡುತ್ತೆ" ಎಂದರು ದರ್ಜಿ.

"ಆಗಲಿ, ನಾನೂ ಬೆಳೀತೀನಲ್ಲ" ಎಂದ.