ಬಲೆ ಬಿಟ್ಟು ಮೇಣಿ ಹಿಡಿದವರು

ಹೆಗಲ ಮೇಲೆ ಕೋವಿ, ಕೈಯಲ್ಲಿ ಕೊಡಲಿ, ಹಿಂದಿನ ಬಂಡಿಯಲ್ಲಿ ಹೆಂಡತಿ ಮಕ್ಕಳು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ನಡುನಾಡಿಗೆ ವಲಸೆ ಹೊರಟ ರೈತನ ಈ ಚಿತ್ರ ಓದುಗರಿಗೆ ಪರಿಚಿತವಾದುದೇ. 1862ರ ಶಾಸನವು ಅವನಿಗೆ 160 ಎಕರೆ ನೆಲವನ್ನು ಅಳೆದುಕೊಟ್ಟಿತು. ಐದು ವರ್ಷ ಅಲ್ಲಿ ನೆಲಸಿ ಉತ್ತರೆ ಅದು ಅವನದೇ. ಆ ನೆಲದ ಮೂಲನಿವಾಸಿಗಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲವೆಂಬುದು ಬೇರೆ ಮಾತು. ಬೆಳೆ ಕೈಗೆ ಬರುವ ತನಕ ಅವನು ಬೇಟೆಯಾಡಿ ಸಂಸಾರವನ್ನು ಸಾಕಿದನು.

ಅದೇ ಕಾಲದಲ್ಲಿ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಕಲ್ಲುಗುಡ್ಡಗಳ ನಡುವೆಯೂ ಅಂಥ ಬಾಳನ್ನು ಬಾಳಿದವರುಂಟು. ಅವರ ಹೆಸರನ್ನು ಬರೆದಿಟ್ಟವರಿಲ್ಲ, ಅಷ್ಟೆ. ಬೇಡರು ಬೇಟೆಯಲ್ಲಿ ಹುಟ್ಟಿ ಬೆಳೆದವರು. ಪಾಳೆಯಗಾರರ ದಂಡಿನಲ್ಲಿ ಕಾದಿದವರು. 1799ರ ಬಳಿಕ ಪಾಳೆಯಪಟ್ಟುಗಳ ದಿನಗಳು ಮುಗಿದವು. ಕಾಳಗವಿಲ್ಲ, ಸಂಬಳವಿಲ್ಲ. ಅನೇಕರು ಬಲೆಯನ್ನು ಗೂಟಕ್ಕೆ ತೂಗುಹಾಕಿ ಮೇಣಿ ಹಿಡಿದರು.

ಆದರೆ ವರ್ಷಕ್ಕೆ 20 ಅಂಗುಲದ ಆಸುಪಾಸಿನಲ್ಲಿ ಮಳೆ ಬೀಳುವ ಸೀಮೆಯಲ್ಲಿ ಮೇಣಿ ಹಿಡಿದವನು ಯಾರನ್ನು ನಂಬಬೇಕು? ಅವನ ಕೈಹಿಡಿದದ್ದು ತಲಪರಿಗೆ. ಈ ತಾಲ್ಲೂಕುಗಳ ಮರಳು ನೆಲದಲ್ಲಿ ಕೆಲವೆಡೆ ಹೆಚ್ಚು ಆಳವಿಲ್ಲದೆ ಒರತೆಯಿರುತ್ತದೆ. ಅದರ ತಲೆಯನ್ನು ಅಗೆದು ಕಾಲುವೆ ತೋಡಿದರೆ ಏತ, ಕಪಿಲೆಗಳ ಹಂಗಿಲ್ಲದೆ ನೀರು ತಾನಾಗಿ ಗದ್ದೆಗೆ ಹರಿಯುತ್ತದೆ. ಆದರೆ ಅದು ಒಬ್ಬನಿಂದಾಗುವ ಕೆಲಸವಲ್ಲ. ಫಲವುಂಡವರೆಲ್ಲರೂ ಕೂಡಿ ಹೂಳೆತ್ತಬೇಕು. ಸರದಿ ತಪ್ಪದೆ ನೀರು ಹಾಯಿಸಬೇಕು. ಅಮೆರಿಕದ ರೈತನ ಹೆಮ್ಮೆ ಅವನ ಬೇಲಿಯೊಳಗಿತ್ತು. ಇಲ್ಲಿಯವನ ಬದುಕು ನೆರೆಯವನ ಸಲಿಕೆಯನ್ನು ನೆಚ್ಚಿತ್ತು.

ಗೂಟದ ಬಲೆಗೂ ಬಿಡುವಿರಲಿಲ್ಲ. ರಾಗಿಯ ತೆನೆ ಹಾಲು ತುಂಬಿತೆಂದರೆ ಹಂದಿ, ಜಿಂಕೆಗಳ ಕಾಟ. ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಕಾವಲು. ಬಲೆಗೆ ಬಿದ್ದುದು ಮರುದಿನದ ಸಾರಿಗೆ. ಹೀಗೆ ಬೆಳೆ ಕಾಯುವುದೂ ಹೊಟ್ಟೆ ಹೊರೆಯುವುದೂ ಒಂದೇ ಕೆಲಸವಾಗಿತ್ತು.

1876ರಲ್ಲಿ ಧಾತು ಸಂವತ್ಸರದ ಬರ ಬಂದಿತು. ಹುಲ್ಲೇ ಒಣಗಿದ ಮೇಲೆ ಬೇಟೆಯೆಲ್ಲಿಯದು, ಬೇಸಾಯವೆಲ್ಲಿಯದು? 1871ರಲ್ಲಿ 50 ಲಕ್ಷಕ್ಕೆ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ 42 ಲಕ್ಷದಷ್ಟಕ್ಕೆ ಇಳಿದಿತ್ತು. ಅಳಿದವರು ಅಳಿದರು, ಉಳಿದವರು ಮತ್ತೆ ಅದೇ ಮರಳನ್ನು ತೋಡಿದರು.

2007ರಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಕೃಷ್ಣಮೃಗಗಳ ಸಂರಕ್ಷಿತ ತಾಣವಾಯಿತು. ಬೇಡನು ಬೆನ್ನಟ್ಟಿದ ಜಿಂಕೆಗೆ ಅಭಯ ದೊರೆಯಿತು. ಅವನ ಗದ್ದೆಗೆ ನೀರುಣಿಸಿದ ತಲಪರಿಗೆಗೆ ಅಂಥ ಅಭಯ ಸುಲಭವಾಗಿ ದೊರೆತಿಲ್ಲ. ಕೊಳವೆಬಾವಿಗಳು ನೂರಾರು ಅಡಿ ಕೆಳಗಿಳಿದಂತೆಲ್ಲ ಒರತೆಗಳು ಬತ್ತಿದವು. ಹಲವು ಹೂಳಿನಡಿಯಲ್ಲಿ ಮರೆಯಾದವು. ಈಚೆಗೆ ಕೆಲವು ಊರುಗಳಲ್ಲಿ ಜನರು ಮತ್ತೆ ಸಲಿಕೆ ಹಿಡಿದು ಹೂಳೆತ್ತಿದ್ದಾರೆ. ಇವನ್ನು ಮೊದಲು ತೋಡಿದವರು ಯಾರೆಂಬ ಪ್ರಶ್ನೆಗೆ ‘ಹಿಂದಿನವರು’ ಎಂಬುದಷ್ಟೇ ಉತ್ತರ. ಹೂಳು ತೆಗೆದಲ್ಲಿ ಒಸರುವ ನೀರಿಗೆ ಅಷ್ಟು ಗುರುತು ಸಾಕು.