ಟ್ರೇಲರ್ ಮಾತು ಕೊಡಲ್ಲ

ನಮ್ ಕಡೆ ಕೊಬ್ರಿ ಆಗೈತೋ ಇಲ್ವೋ ಅಂತ ಯಾರೂ ಯಂತ್ರ ಇಟ್ಟು ನೋಡಲ್ಲ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿದ್ದಿದ್ದ ಕಾಯಿ ಎತ್ಕಂಡು ಕಿವಿ ಹತ್ರ ಅಲ್ಲಾಡ್ಸಿದ್ರೆ ಸಾಕು. ಒಳಗೆ ನೀರಿದ್ರೆ ಒಂದು ಸದ್ದು, ನೀರು ಇಂಗಿ ಗಿಟುಕು ಚಿಪ್ಪು ಬಿಟ್ಟಿದ್ರೆ ಇನ್ನೊಂದು ಸದ್ದು. ಆದ್ರೆ ಬೆಳ್ಳಗೈತೋ ಕೌಟು ಹಿಡಿದೈತೋ ಅನ್ನೋದು ಒಡೆದ ಮೇಲೇ ಗೊತ್ತಾಗೋದು. ಸಿನಿಮಾ ಟ್ರೇಲರೂ ನನಗೆ ಹಂಗೇ ಕಾಣುತ್ತೆ. ಅಲ್ಲಾಡ್ಸಿ ನೋಡಬೋದು, ಪೂರ್ತಿ ನಂಬೋಕಾಗಲ್ಲ.

ಸಿನಿಮಾಕ್ಕೆ ಇಷ್ಟೊಂದು ಯೋಚ್ನೆ ಯಾಕೆ ಅನ್ಬೇಡಿ. ನಮ್ಮಂಥೋರು ಥಿಯೇಟರಿಗೆ ಹೋಗೋದೇ ವರ್ಷಕ್ಕೆ ಒಂದ್ಸಲವೋ ಎರಡ್ಸಲವೋ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಚಾರ್ಜಿಲ್ಲ, ಸರಿ. ಆದ್ರೆ ಟಿಕೆಟ್ಟು, ಮಕ್ಕಳ ತಿಂಡಿ ಐತಲ್ಲ. ಅದಕ್ಕಿಂತ ದೊಡ್ಡದು ಹೊತ್ತು. ಬೆಳಿಗ್ಗೆನೇ ಮುದ್ದೆ ಸಾರು ಮಾಡಿಟ್ಟು, ಸಂಜೆ ಹಾಲು ಕರೆಯೋಕೆ ಓರಗಿತ್ತಿಗೆ ಹೇಳಿ, ತಿಪಟೂರಿಗೆ ಹೋಗಿ ಬರೋ ಹೊತ್ತಿಗೆ ಒಂದು ದಿನ ಪೂರ್ತಿ ಹೋಯ್ತು. ಆ ದಿನ ದಂಡ ಆದ್ರೆ ವಾಪಸ್ ಯಾರೂ ಕೊಡಲ್ಲ.

ಇನ್ನೊಂದು ವಿಷಯ. ಯಾವ ಸಿನಿಮಾ ಅಂತ ತೀರ್ಮಾನ ಮಾಡೋರು ನಮ್ಮನೇಲಿ ಫೋನ್ ಹಿಡ್ಕಂಡಿರೋ ಹುಡುಗ್ರು. ಟ್ರೇಲರ್ ಬಂದ ದಿನವೇ "ಸೂಪರ್, ಹಿಟ್ಟು" ಅಂತ ಷರಾ ಬರೆದುಬಿಡ್ತಾರೆ. ಕೆಲವು ವರ್ಷದ ಹಿಂದೆ ಹಂಗೇ ಒಂದು ಹೊಡೆದಾಟದ ಸಿನಿಮಾಕ್ಕೆ ನಮ್ಮತ್ತೇನೂ ಕರ್ಕಂಡು ಹೋದ್ರು. ಅತ್ತೆ ಇಂಟರ್ವಲ್ ತನಕ ಕಿವಿ ಮೇಲೆ ಸೆರಗು ಒತ್ಕಂಡು ಕೂತಿದ್ರು. ಮನೆಗೆ ಬಂದು "ಇನ್ಮೇಲೆ ನನ್ನ ಕರೀಬೇಡ್ರಪ್ಪ, ನೀವೇ ಹೋಗ್ಬನ್ನಿ" ಅಂದ್ರು. ಹುಡುಗಿ ಆಗಿದ್ದಾಗ ಕತ್ತಲೇಲಿ ಲಾಟೀನು ಹಿಡ್ಕಂಡು ಟೆಂಟಿಗೆ ನಡ್ಕಂಡು ಹೋಗ್ತಿದ್ದ ಹೆಂಗಸು ಅದು. ಅವರು ಸಿನಿಮಾನೇ ಬೇಡ ಅಂದಿದ್ದು ನನಗೆ ಬಾಳ ಬೇಜಾರಾಯ್ತು. ಟ್ರೇಲರ್‌ನ ನಾನೂ ಕೂತು ಗಮನವಿಟ್ಟು ನೋಡೋಕೆ ಶುರು ಮಾಡಿದ್ದು ಆಗ.

ಪ್ರಚಾರ ನಮ್ ಸೀಮೆಗೆ ಹೊಸದೇನಲ್ಲ. ಪಕ್ಕದ ಗುಬ್ಬೀಲಿ 1884ರಲ್ಲೇ ನಾಟಕದ ಕಂಪ್ನಿ ಹುಟ್ಟಿತ್ತು. ಆಮೇಲೆ ಟೂರಿಂಗ್ ಟಾಕೀಸಿನ ಕಾಲ. ಗಾಡಿಗೆ ಬೋರ್ಡ್ ಕಟ್ಕಂಡು ಮೈಕಲ್ಲಿ ಕೂಗ್ತಾ ಹ್ಯಾಂಡ್‌ಬಿಲ್ ಎಸೆಯೋರು, ಮಕ್ಕಳು ಅದರ ಹಿಂದೆ ಓಡೋರು. ಹಾಡಿನ ಪುಸ್ತಕದಲ್ಲಿ ಅರ್ಧ ಕಥೆ ಹೇಳಿ "ಮುಂದಿನದನ್ನು ಬೆಳ್ಳಿ ತೆರೆಯ ಮೇಲೆ ನೋಡಿ ಆನಂದಿಸಿ" ಅಂತ ನಿಲ್ಸೋರು. ಈಗ ಆ ಕೆಲಸ ಎರಡೂವರೆ ನಿಮಿಷದ ಟ್ರೇಲರ್ ಮಾಡುತ್ತೆ. ಟ್ರ್ಯಾಕ್ಟರ್ ಹಿಂದೆ ಕಟ್ತೀವಲ್ಲ ಟ್ರೇಲರ್, ಪದ ಅದೇನೇ. ಮೊದಮೊದಲು ಅಮೆರಿಕದಲ್ಲಿ ಸಿನಿಮಾ ಮುಗಿದ ಮೇಲೆ, ಹಿಂದುಗಡೆ ತೋರಿಸ್ತಿದ್ರಂತೆ, ಅದಕ್ಕೆ ಆ ಹೆಸರು.

ಟ್ರೇಲರಲ್ಲಿ ತೋರ್ಸಿದ್ದು ಸಿನಿಮಾದಲ್ಲಿ ಇರ್ಲೇಬೇಕಾ? ಈ ಪ್ರಶ್ನೆ ಸುಪ್ರೀಂ ಕೋರ್ಟ್ ತನಕ ಹೋಗೈತೆ ಕಣ್ರೀ. 2016ರಲ್ಲಿ ಶಾರುಖ್ ಖಾನ್ ಅವರ 'ಫ್ಯಾನ್' ಅಂತ ಹಿಂದಿ ಸಿನಿಮಾ ಬಂತು. 'ಜಬ್ರಾ ಫ್ಯಾನ್' ಹಾಡನ್ನ ಟೀವೀಲಿ ನೋಡಿ ಮಹಾರಾಷ್ಟ್ರದ ಒಬ್ಬ ಶಾಲೆ ಮೇಡಂ ಮನೆಯೋರನ್ನೆಲ್ಲ ಕರ್ಕಂಡು ಹೋದ್ರು. ಸಿನಿಮಾದಲ್ಲಿ ಆ ಹಾಡೇ ಇಲ್ಲ! ಆಯಮ್ಮ ಬಿಡಲಿಲ್ಲ, ಗ್ರಾಹಕರ ಕೋರ್ಟಿಗೆ ಹೋದ್ರು. ಹತ್ತು ಸಾವಿರ ಪರಿಹಾರ, ಐದು ಸಾವಿರ ಖರ್ಚು ಕೊಡಿ ಅಂತ ರಾಜ್ಯ ಆಯೋಗ ಹೇಳ್ತು, ರಾಷ್ಟ್ರೀಯ ಆಯೋಗವೂ ಹೌದು ಅಂತು. ಆದ್ರೆ 2024ರ ಏಪ್ರಿಲ್ 22ಕ್ಕೆ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಟ್ರೇಲರ್ ಅನ್ನೋದು ಜಾಹೀರಾತು, ಜನರ ಆಸೆ ಎಬ್ಬಿಸೋಕೆ ಇರೋದು, ಅದು ಕೊಟ್ಟ ಮಾತಲ್ಲ ಅನ್ನೋದು ತೀರ್ಪಿನ ಸಾರ. ಕಾನೂನಿಗೆ ಅದು ಸರಿ ಇರ್ಬೋದು. ಆಯಮ್ಮನ ಸಿಟ್ಟು ಮಾತ್ರ ನನಗೆ ಚೆನ್ನಾಗಿ ಅರ್ಥ ಆಗುತ್ತೆ. ಮನೆಯೋರನ್ನೆಲ್ಲ ಹೊರಡ್ಸೋದು ಎಷ್ಟು ಕಷ್ಟ ಅಂತ ನಮಗಲ್ದೆ ಇನ್ಯಾರಿಗೆ ಗೊತ್ತು?

ಮಾತು ಕೊಡದೋರ ಹತ್ರ ನಾವೇ ಹುಷಾರಾಗಿರ್ಬೇಕು. ನಾನು ನೋಡೋದು ಇಷ್ಟು.

ಮೊದಲನೇದು, ಟ್ರೇಲರಲ್ಲಿ ಇಬ್ಬರು ಕೂತ್ಕಂಡು ಮಾತಾಡ್ತಾರಾ ಅಂತ. ಬರೀ ಡಮಡಮ ಸದ್ದು, ನಿಧಾನಕ್ಕೆ ನಡೆಯೋ ಹೀರೋ, ಧೂಳು, ಇಷ್ಟೇ ಇದ್ರೆ ಕಥೆ ಕಡಿಮೆ ಅನ್ಕೋತೀನಿ. 2016ರ 'ತಿಥಿ' ನೆನಪಿರ್ಬೋದು. ಮಂಡ್ಯ ಕಡೆ ಹಳ್ಳಿ ಜನರೇ ಪಾರ್ಟು ಮಾಡಿದ್ರು. ಅವರು ಬಾಯಿ ಬಿಟ್ರೆ ನಮ್ಮ ಜಗಲಿ ಮಾತೇ ಕೇಳ್ದಂಗಿತ್ತು. ಅದೇ ವರ್ಷದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಇನ್ನೊಂದು. ಮರೆವಿನ ಕಾಯಿಲೆಯ ಅಪ್ಪ ಕಳೆದೋಗ್ತಾನೆ, ಮಗ ಹುಡುಕ್ತಾನೆ. ಅನಂತನಾಗ್ ಮುಖ ನೋಡಿದ್ರೇ ಯಾರ ಮನೆ ಕಥೆ ಅಂತ ಗೊತ್ತಾಗೋದು.

ಎರಡನೇದು, ಹೆಣ್ಣುಮಕ್ಕಳಿಗೆ ಒಂದು ಮಾತಾದ್ರೂ ಐತಾ ಅಂತ ಎಣಿಸ್ತೀನಿ. ಹಾಡಿಗೆ ಒಂದ್ಸಲ, ಅಳೋಕೆ ಒಂದ್ಸಲ ಬಂದು ಹೋದ್ರೆ ಅದು ಲೆಕ್ಕಕ್ಕಿಲ್ಲ.

ಮೂರನೇದು ಸರ್ಟಿಫಿಕೇಟು. ಹೀರೋ ಹೆಸರು ನೋಡೋ ಹುಡುಗ್ರು ಇದನ್ನ ನೋಡಲ್ಲ. ಮೊದಲು ಬರೀ ಯು, ಯುಎ, ಎ ಅಂತಿತ್ತು. 2024ರ ಕೊನೆಯಿಂದ ಯುಎನಲ್ಲೇ 7+, 13+, 16+ ಅಂತ ಮೂರು ಮಾಡಿದ್ದಾರೆ. 16+ ಅಂತಿದ್ರೆ ಚಿಕ್ಕ ಮಕ್ಕಳನ್ನ, ಅತ್ತೇನ ಕರ್ಕಂಡು ಹೋಗೋ ಮುಂಚೆ ಯೋಚ್ನೆ ಮಾಡ್ಬೇಕು.

ಇಷ್ಟು ನೋಡಿದ್ರೂ ತಪ್ಪಿಸ್ಕಳೋದು ಇದ್ದೇ ಇರುತ್ತೆ. 2022ರ 'ಚಾರ್ಲಿ'ಯಲ್ಲಿ ನಾಯಿ ತುಂಟಾಟ ನೋಡಿ ಮಕ್ಕಳು ಕುಣಿದ್ರು, ಥಿಯೇಟರಲ್ಲಿ ದೊಡ್ಡೋರೇ ಅತ್ರು. ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರೇ ನೋಡಿ ಕಣ್ಣೀರು ಹಾಕಿದ್ರು. ಅದೇ ವರ್ಷದ 'ಕಾಂತಾರ'ದಲ್ಲಿ ಕೊನೆಗೆ ದೈವ ಬರೋ ಭಾಗಕ್ಕೆ ಜನ ಮೂಕರಾಗಿ ಕೂತಿದ್ದು ಯಾವ ಟ್ರೇಲರೂ ಮೊದಲೇ ಹೇಳೋ ಅಂಥದ್ದಲ್ಲ. ಒಳ್ಳೇದಕ್ಕೂ ಟ್ರೇಲರ್ ಸಾಲಲ್ಲ ಅಂದಂಗಾಯ್ತು.

ಅದಕ್ಕೇ ಈಗ ನಾನು ಮೊದಲ ದಿನ ಹೊರಡಲ್ಲ, ನಾಲ್ಕು ದಿನ ತಡೀತೀನಿ. ನೋಡ್ಕಂಡು ಬಂದ ಹೆಂಗಸ್ರನ್ನ ಒಂದೇ ಮಾತು ಕೇಳ್ತೀನಿ: "ಅತ್ತೇನ ಕರ್ಕಂಡು ಹೋಗ್ಬೋದಾ?" 2025ರ ಜುಲೈನಲ್ಲಿ 'ಸು ಫ್ರಂ ಸೋ' ಬಂದಾಗ ದೊಡ್ಡ ಹೀರೋ ಇಲ್ಲ ಅಂತ ಹುಡುಗ್ರು ಮೂಸಿ ನೋಡಿರಲಿಲ್ಲ. ಕರಾವಳಿ ಹಳ್ಳೀಲಿ ಒಬ್ಬ ಹುಡುಗನ ಮೈಮೇಲೆ ದೆವ್ವ ಬಂದೈತೆ ಅನ್ನೋ ಗಲಾಟೆ, ನಗೋದರ ಒಳಗೇ ಒಬ್ಬ ಹೆಣ್ಣುಮಗಳ ಕಷ್ಟ. ಬಾಯಿಂದ ಬಾಯಿಗೆ ಹಬ್ಬಿ ಟಿಕೆಟ್ ಸಿಗದಂಗಾಯ್ತು. ನಮ್ ಚಿಕ್ಕನಾಯಕನಹಳ್ಳಿ ನಾದಿನಿ ಫೋನ್ ಮಾಡಿ "ಅತ್ಗೆ, ಅಮ್ಮನ್ನ ಕರ್ಕಂಡು ಹೋಗಿ, ಭಯ ಬೀಳಲ್ಲ, ನಗ್ತಾರೆ" ಅಂದ್ಲು. ಅತ್ತೆಗೆ ಟ್ರೇಲರ್ ತೋರಿಸಲಿಲ್ಲ, ಮಗಳು ಹೇಳಿದ್ಲು ಅಂದೆ ಅಷ್ಟೆ. ಸೀರೆ ಬದಲಾಯಿಸ್ಕಂಡು ನನಗಿಂತ ಮುಂಚೆ ಬಾಗ್ಲಲ್ಲಿ ನಿಂತಿದ್ರು. ಥಿಯೇಟರಲ್ಲಿ ಪಕ್ಕದೋರು ತಿರುಗಿ ನೋಡೋ ಹಂಗೆ ನಕ್ರು.

ನೀವೂ ಯಾವುದಾದ್ರೂ ನೋಡ್ಕಂಡು ಬಂದ್ರೆ ಹೀರೋ ಹೆಂಗಿದ್ದ ಅಂತ ಹೇಳ್ಬೇಡಿ, ಅದನ್ನ ಹುಡುಗ್ರು ಹೇಳ್ತಾರೆ. ಅತ್ತೇನ ಕರ್ಕಂಡು ಹೋಗ್ಬೋದಾ, ಅಷ್ಟು ಹೇಳಿ ಸಾಕು. ದೀಪಾವಳಿಗೆ ಯಾವುದು ಅಂತ ಅವರೇ ಈಗ್ಲಿಂದ ಕೇಳ್ತಾ ಅವ್ರೆ.